ಬಾಲ ಹಿಡಿಯುವವಳು

ಕೆಳಗಿನ ಮನೆಗೆ ಬಾಣಂತಿ ಬಂದಿದ್ದಾಳೆ. ದಿನಾ ಬೆಳಿಗ್ಗೆ ಅವಳ ತಾಯಿ ಕೂಸಿನ ನೆತ್ತಿಗೆ ಔಡಲೆಣ್ಣೆ ತಟ್ಟುತ್ತಾಳೆ. ಕೂಸು ಓಣಿಗೆಲ್ಲ ಕೇಳುವಂತೆ ಅಳುತ್ತದೆ, ಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬರುತ್ತದೆ. ಬಂತೆಂದರೆ ಮುಗಿಯಿತು, ಅದು ಯಾವ ವಾರವೇ ಇರಲಿ, ನನಗೆ ರವಿವಾರ. ಒಲೆಯ ಮೇಲಿಟ್ಟ ಹಾಲು ಮರೆತು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಹಾಲು ಉಕ್ಕಿದರೆ ಬೈಯುವವರು ಮನೆಯಲ್ಲಿ ಯಾರೂ ಇಲ್ಲ. ನಾನೇ ಬೈದುಕೊಂಡು ನಾನೇ ಒರೆಸುತ್ತೇನೆ.

ಔಡಲೆಣ್ಣೆಗೂ ರವಿವಾರಕ್ಕೂ ನನ್ನ ಮಟ್ಟಿಗೆ ಹಳೆಯ ನಂಟು. ಬೆಳಗಾವಿಯ ವಡಗಾವಿಯಲ್ಲಿ ನನ್ನ ತವರುಮನೆ. ಮುಂದಿನ ಪಡಸಾಲೆಯಲ್ಲಿ ಮಗ್ಗ, ಹಿಂದಿನ ಖೋಲಿಯಲ್ಲಿ ನಾವು. ತಿಂಗಳಿಗೊಮ್ಮೆ ರವಿವಾರ ಬೆಳಿಗ್ಗೆ ಅವ್ವ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಮೂಗು ಹಿಡಿದು, ಒಂದು ಚಮಚ ಔಡಲೆಣ್ಣೆ ಗಂಟಲಿಗೆ ಇಳಿಸಿ, ಅದರ ಬೆನ್ನಿಗೆ ಬಿಸಿ ಚಹಾ ಕುಡಿಸುತ್ತಿದ್ದಳು. ಹೊಟ್ಟೆ ಸ್ವಚ್ಛ ಆಗಬೇಕಂತೆ. ಶಾಲೆಗೆ ಸೂಟಿ ಇರುವ ದಿನ ಎಂದು ಓಣಿಯ ಅವ್ವಂದಿರೆಲ್ಲ ಅದೇ ದಿನವನ್ನು ಆರಿಸಿಕೊಂಡಿದ್ದರಿಂದ, ಹತ್ತು ಗಂಟೆಯ ಸುಮಾರಿಗೆ ಓಣಿಯ ತುದಿಯ ಪಾಯಖಾನೆಯ ಮುಂದೆ ನಾವೆಲ್ಲ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯುತ್ತ ನಿಂತಿರುತ್ತಿದ್ದೆವು. ನನ್ನ ಬಾಲ್ಯದ ಗೆಳತಿಯರಲ್ಲಿ ಬಹಳ ಮಂದಿ ನನಗೆ ಪರಿಚಯವಾದದ್ದು ಆ ಸಾಲಿನಲ್ಲೇ. ಮದುವೆಯಾದರೆ ಈ ಎಣ್ಣೆಯ ಕಾಟ ತಪ್ಪುತ್ತದೆ ಎಂದುಕೊಂಡಿದ್ದೆ. ತಪ್ಪಲಿಲ್ಲ. ನಾನು ಮದುವೆಯಾದವರು ರವಿವಾರಕ್ಕೊಮ್ಮೆ ಅದನ್ನು ಸೀಸೆಗಟ್ಟಲೆ ಸುಡುತ್ತಿದ್ದರು.

ನಮ್ಮವರು ಮಚ್ಛೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಅಳತೆ ಮಾಡಿ ನೋಡುವ ವಿಭಾಗದಲ್ಲಿದ್ದರು. ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಸದಾ ದಪ್ಪ ಅಳೆಯುವ ಒಂದು ವರ್ನಿಯರ್ ಇರುತ್ತಿತ್ತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲನ್ನು ತಿರಸ್ಕರಿಸುವ ಕೆಲಸ ಅದು. ಹೀಗಾಗಿ ನಾನು ಮಾಡಿದ ಚಪಾತಿಯನ್ನು ಅವರು ತುಟಿಪಿಟಕ್ಕೆನ್ನದೆ ತಿನ್ನುತ್ತಿದ್ದುದೇ ನನಗೆ ದೊಡ್ಡ ಬಹುಮಾನ. ಮಾತು ಬಹಳ ಕಡಿಮೆ. ನಾನು ಕನ್ನಡ ಸಾಲೆಯ ಮಾಸ್ತರತಿ, ಮಾತೇ ನನ್ನ ಉದ್ಯೋಗ. ಮಕ್ಕಳಾಗಲಿಲ್ಲ. ವಾರದ ಆರು ದಿನ ಅವರವರ ಕೆಲಸದಲ್ಲಿ ಹೇಗೋ ಹೋಗುತ್ತಿದ್ದವು, ರವಿವಾರ ಮಾತ್ರ ಶಹಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಇಬ್ಬರಿಗೂ ದೊಡ್ಡದಾಗುತ್ತಿತ್ತು. ಎರಡು ಸಾವಿರ ಇಸವಿಯ ಆಸುಪಾಸಿನಲ್ಲಿ ಅವರಿಗೆ ವಿಮಾನದ ಹುಚ್ಚು ಹಿಡಿದಾಗ, ಮೊದಲು ಖುಷಿಪಟ್ಟವಳು ನಾನೇ.

ವಿಮಾನವೆಂದರೆ ಹಗುರ ಕಟ್ಟಿಗೆಯಲ್ಲಿ ಕೂಡಿಸಿದ, ನನ್ನ ಎರಡೂ ತೋಳು ಚಾಚಿದಷ್ಟು ಅಗಲದ ರೆಕ್ಕೆಯ ಸಣ್ಣ ವಿಮಾನ. ಮೂಗಿನಲ್ಲಿ ಮುಷ್ಟಿಯಷ್ಟು ಎಂಜಿನ್ನು, ಅದರ ಮುಂದೆ ಪಂಖಾ. ಕೈಯಲ್ಲಿ ಉದ್ದ ಆಂಟೆನಾ ಇರುವ ಒಂದು ಪೆಟ್ಟಿಗೆ ಹಿಡಿದು ನೆಲದ ಮೇಲೆ ನಿಂತು ಅದನ್ನು ಆಕಾಶದಲ್ಲಿ ತಿರುಗಿಸಬೇಕು. ಅದು ಕುಡಿಯುವುದು ಸ್ಪಿರಿಟ್ಟಿಗೆ ಔಡಲೆಣ್ಣೆ ಬೆರೆಸಿದ ಇಂಧನ. ಆ ಎಣ್ಣೆಯನ್ನು ಇವರು ರವಿವಾರ ಪೇಟೆ ಎಂಬ ಓಣಿಯ ಒಂದು ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಪ್ರತಿ ತಿಂಗಳೂ ಇಷ್ಟಿಷ್ಟು ಔಡಲೆಣ್ಣೆ ಒಯ್ಯುವುದನ್ನು ನೋಡಿ ನೋಡಿ ಅಂಗಡಿಯ ಮುದುಕರು ಒಮ್ಮೆ ನನ್ನನ್ನು ಬಾಜೂಕ್ಕೆ ಕರೆದು, ಸಾಹೇಬರ ಹೊಟ್ಟೆ ಇನ್ನೂ ಸುಧಾರಿಸಲಿಲ್ಲವೇ, ಯಾರಾದರೂ ದೊಡ್ಡ ಡಾಕ್ಟರಿಗೆ ತೋರಿಸಬಾರದೇ ಎಂದು ಬಹಳ ಕಳಕಳಿಯಿಂದ ಕೇಳಿದರು. ವಿಮಾನಕ್ಕೆ ಒಯ್ಯುತ್ತೇವೆ ಎಂದು ನಾನು ಹೇಳಿದ ಮೇಲೆ ಅವರಿಗೆ ಸಾಹೇಬರ ಹೊಟ್ಟೆಗಿಂತ ನನ್ನ ತಲೆಯ ಬಗ್ಗೆ ಹೆಚ್ಚು ಚಿಂತೆಯಾದಂತೆ ಕಂಡಿತು.

ಹಾರಿಸುವ ಜಾಗ ಖಾನಾಪುರದ ಈಚೆ, ರಸ್ತೆಯಿಂದ ಒಳಗೆ, ಕೆಂಪು ಜಂಬಿಟ್ಟಿಗೆಯ ಬಯಲು. ಖಾನಾಪುರದಲ್ಲಿ ನನ್ನ ನಾದಿನಿಯ ಮನೆ ಇದ್ದುದರಿಂದ ಮಧ್ಯಾಹ್ನದ ಊಟ ಬಹಳ ಸಲ ಅಲ್ಲೇ, ಇಲ್ಲದಿದ್ದರೆ ಬುತ್ತಿ. ಹೋಗುವುದು ಸ್ಕೂಟರಿನ ಮೇಲೆ. ಹಿಂದೆ ಕೂತು ನಾನು ವಿಮಾನವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಬಿಚ್ಚಿಟ್ಟ ರೆಕ್ಕೆಯನ್ನು ನೆಟ್ಟಗೆ ಎದೆಗೆ ಒತ್ತಿ ಹಿಡಿಯಬೇಕು. ಸ್ವಲ್ಪ ವಾರೆಯಾದರೆ ಗಾಳಿ ಹಿಡಿದು ಸ್ಕೂಟರ್ ರಸ್ತೆಯ ಅಂಚಿಗೆ ಹೋಗುತ್ತಿತ್ತು. ಮಚ್ಛೆಯ ಹತ್ತಿರ ಚಹಾದಂಗಡಿಯ ಮುಂದೆ ಕೂತವರು ನಮ್ಮನ್ನು ನೋಡಿ ಗ್ಲಾಸು ಕೆಳಗಿಡುತ್ತಿದ್ದರು. ಆ ಊರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ನಾನು ರೆಕ್ಕೆಯ ಮರೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಒಳಗೊಳಗೇ ಮಾತ್ರ ಬಹಳ ಖುಷಿಯಿಂದಿರುತ್ತಿದ್ದೆ.

ಏಕೆಂದರೆ ನನಗೆ ಅಲ್ಲಿ ಕೆಲಸವಿತ್ತು. ಈ ವಿಮಾನವನ್ನು ಒಬ್ಬರೇ ಎಬ್ಬಿಸಲಿಕ್ಕೆ ಆಗುವುದಿಲ್ಲ. ಇಂಧನದ ಮೆತ್ತನೆಯ ಬಾಟಲಿಯನ್ನು ನಾನು ಒತ್ತಿದರೆ, ಟಾಕಿ ತುಂಬಿ ಇನ್ನೊಂದು ನಳಿಗೆಯಿಂದ ಹೊರಚೆಲ್ಲುವ ಹೊತ್ತಿಗೆ ಅವರು "ಸಾಕ" ಎನ್ನುತ್ತಿದ್ದರು. ಎಂಜಿನ್ನಿನ ತಲೆಯಲ್ಲಿರುವ ಪ್ಲಗ್ಗು ಕೆಂಪಗೆ ಕಾಯಬೇಕು, ಅದಕ್ಕೆ ಒಂದು ದಪ್ಪ ಬ್ಯಾಟರಿ ಸೆಲ್ಲು, ಎರಡು ತಂತಿ, ತುದಿಗೊಂದು ಚಿಮಟ. ಅವರು ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು ಪಂಖಾಕ್ಕೆ ಹೊಡೆತ ಕೊಡುತ್ತಿದ್ದರು. ಹೊತ್ತಿಕೊಂಡಿತೆಂದರೆ ಅವರು ರೆಕ್ಕೆಯನ್ನು ಒತ್ತಿ ಹಿಡಿಯುತ್ತಿದ್ದರು, ನಾನು ಬಗ್ಗಿ ಚಿಮಟ ಕಳಚಿ, ಓಡಿ ಹಿಂದೆ ಬಂದು ಕೂತು, ಎರಡೂ ಕೈಯಿಂದ ವಿಮಾನದ ಬಾಲವನ್ನು ಹಿಡಿಯುತ್ತಿದ್ದೆ. ಆಮೇಲೆ ಅವರು ಎಂಜಿನ್ನಿನ ಪಕ್ಕದ ಸೂಜಿಯಂಥ ತಿರುಪನ್ನು ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ತಿರುಗಿಸಿ ಇಂಧನ ಹದಕ್ಕೆ ತರಬೇಕು. ಹದ ಬಂದರೆ ವಿಮಾನ ಮುಂದಕ್ಕೆ ಜಗ್ಗುತ್ತದೆ. ಅಷ್ಟು ಸಣ್ಣ ಸಾಮಾನು ಅಷ್ಟು ಜೋರಾಗಿ ಜಗ್ಗುತ್ತದೆ ಎಂದರೆ ಹಿಡಿದವರೇ ನಂಬಬೇಕು. ನನ್ನ ಹಿಮ್ಮಡಿ ಮಣ್ಣಿನಲ್ಲಿ ಜರುಗುತ್ತಿತ್ತು, ಹಲ್ಲು ಕಚ್ಚಿ ಹಿಡಿಯುತ್ತಿದ್ದೆ, ಮುಖದ ತುಂಬ ಔಡಲೆಣ್ಣೆಯ ತುಂತುರು. ತಿರುಪು ತಿರುಗಿಸುವಾಗ ಅವರು ಆಗಾಗ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು. ಎಣ್ಣೆ ಬಹಳ ಸಿಡಿದಿರಬೇಕು ಎಂದುಕೊಂಡು ನಾನು ಭುಜಕ್ಕೆ ಕೆನ್ನೆ ಒರೆಸಿಕೊಳ್ಳುತ್ತಿದ್ದೆ.

ಆಮೇಲೆ ಅವರು ಪೆಟ್ಟಿಗೆ ಹಿಡಿದು ನಿಂತು "ಬಿಡು" ಎನ್ನುತ್ತಿದ್ದರು. ನಾನು ಬಿಡುತ್ತಿದ್ದೆ. ಅದು ಓಡಿ, ನೆಗೆದು, ಮೇಲೇರುತ್ತಿತ್ತು. ಮುಂದಿನದೆಲ್ಲ ಅವರದು. ಆದರೆ ಆ 'ಬಿಡು' ಅನ್ನುವ ಮಾತಿನವರೆಗೆ ಆ ವಿಮಾನದ ಅರ್ಧ ನನ್ನದು ಅನಿಸುತ್ತಿತ್ತು. ನಾದಿನಿ ನನ್ನನ್ನು ಬಾಲ ಹಿಡಿಯುವವಳು ಎಂದು ಚೇಷ್ಟೆ ಮಾಡುತ್ತಿದ್ದಳು. ನನಗೇನೂ ಬೇಜಾರಿರಲಿಲ್ಲ. ಮಾತಿಲ್ಲದ ಗಂಡನಿಗೆ ನಾನು ಬೇಕು ಅನ್ನುವುದು ಎಲ್ಲಕ್ಕಿಂತ ಸ್ಪಷ್ಟವಾಗಿ ಗೊತ್ತಾಗುತ್ತಿದ್ದ ಜಾಗ ಆ ಬಯಲು.

ಒಂದು ರವಿವಾರ ನಾದಿನಿಯ ಮನೆಯಲ್ಲಿ ಬಸುರಿಗೆ ಉಡಿ ತುಂಬುವ ಕುಬಸದ ಕಾರ್ಯವಿತ್ತು. ಹೋಗುವ ದಾರಿಯಲ್ಲೇ ಒಂದು ಸಲ ಹಾರಿಸಿ ಹೋಗೋಣ ಎಂದರು. ನಾನು ಉಟ್ಟದ್ದು ನನ್ನ ಅಪ್ಪ ತನ್ನ ಮಗ್ಗದ ಮೇಲೆ ನನಗೆಂದೇ ನೇಯ್ದ ಹಸಿರು ಸೀರೆ, ಕೆಂಪು ಸೆರಗು. ಆ ಸೆರಗು ಎಲ್ಲರಿಗೂ ಕಾಣಲಿ ಎಂದು ಪಿನ್ನು ಚುಚ್ಚದೆ ಬಿಟ್ಟಿದ್ದೆ. ನಾನು ಮಗ್ಗದ ಮನೆಯಲ್ಲಿ ಬೆಳೆದವಳು. ಪವರ್‌ಲೂಮ್ ಬಂದಮೇಲೆ ನಮ್ಮ ಪಡಸಾಲೆಗೆ ಕಾಲಿಡುವ ಮೊದಲು ಹೆಣ್ಣುಮಕ್ಕಳು ಜಡೆ ಮೇಲಕ್ಕೆ ಕಟ್ಟಿ, ಸೆರಗು ಸೊಂಟಕ್ಕೆ ಸಿಗಿಸಬೇಕು. ಇಲ್ಲದಿದ್ದರೆ ಮೋಟಾರಿನ ತಿರುಗುವ ಪಟ್ಟಾ ಎಳೆದುಕೊಳ್ಳುತ್ತದೆ. ಅವ್ವ ಇದನ್ನು ಉಸಿರಾಡಿದಷ್ಟು ಸಲ ಹೇಳಿದ್ದಳು. ಅಷ್ಟೂ ಸಲ ಹೇಳಿಸಿಕೊಂಡವಳು ನಾನು, ಚಿಮಟ ಕಳಚಲು ಬಗ್ಗಿದೆ. ಸೆರಗು ಭುಜದಿಂದ ಜಾರಿ ಮುಂದಕ್ಕೆ ಇಳಿಯಿತು. ಪಂಖಾ ಅದನ್ನು ಹಿಡಿಯಿತು.

ಎಲ್ಲ ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಭುಜ ಒಮ್ಮೆ ಜಗ್ಗಿದಂತಾಯಿತು, ನಾನು ಮೊಣಕಾಲೂರಿ ಬಿದ್ದೆ, ಎಂಜಿನ್ನು ಕಿರ್ರೆಂದು ನಿಂತಿತು. ಪಂಖಾದ ಒಂದು ಎಸಳು ಮುರಿದು ಎಲ್ಲೋ ಹಾರಿಹೋಗಿತ್ತು. ಕೆಂಪು ಸೆರಗು ಅದರ ಮೂಗಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ನಮ್ಮವರು ಕೆಳಗೆ ಕೂತು ಅದನ್ನು ಒಂದೊಂದೇ ಸುತ್ತು ಬಿಡಿಸಿದರು. ಬಹಳ ಹೊತ್ತು ಬಿಡಿಸಿದರು. ಕೊನೆಗೆ ಅಂದದ್ದು ಒಂದೇ ಮಾತು.

"ಸೀರಿ ಹೋತಲ್ಲ."

ನನಗೆ ಅಳು ಬಂತು. ಅಪ್ಪನ ಕೈಯ ಸೀರೆ, ಅದೂ ಹರಿದ ಸೆರಗಿನಲ್ಲಿ ಕುಬಸದ ಮನೆಗೆ ಹೋಗಬೇಕು. ಪೆಟ್ಟಾಯಿತೇನು ಎಂದು ಕೇಳಲಿಲ್ಲವಲ್ಲ ಎಂಬ ಸಿಟ್ಟು ಬೇರೆ. ಆ ವಾರವೆಲ್ಲ ಅವರು ಮೊದಲಿಗಿಂತ ಸುಮ್ಮನಾದರು. ಪಂಖಾ ಮುರಿದದ್ದಕ್ಕೆ ಇಷ್ಟು ದುಃಖವೇ ಎಂದು ನಾನೂ ಸುಮ್ಮನಾದೆ.

ಅದಾದ ಮೇಲೆ ಸಾಮಾನುಗಳು ಬರಲು ಶುರುವಾದವು.

ಮುಂಬಯಿಯ ಒಂದು ಅಂಗಡಿಯಿಂದ ವಿಮಾನದ ಸಾಮಾನುಗಳ ಚಿತ್ರ, ಬೆಲೆ ಇರುವ ಪುಸ್ತಕ ತರಿಸಿದರು. ರಾತ್ರಿ ಊಟವಾದ ಮೇಲೆ ಅದನ್ನು ಹರವಿಕೊಂಡು ಕೂತರೆ, ಕನ್ಯೆ ನೋಡಲು ಹೊರಟ ವರನ ತಂದೆ ಕೂಡ ಅಷ್ಟು ವಿಚಾರ ಮಾಡಲಿಕ್ಕಿಲ್ಲ. ಇಂಧನ ತುಂಬಲು ಹಿಡಿಕೆ ತಿರುಗಿಸುವ ಪಂಪು ಒಳ್ಳೆಯದೋ, ಬ್ಯಾಟರಿಯದೋ. ಬ್ಯಾಟರಿಯದಾದರೆ ಬಯಲಿನಲ್ಲಿ ಕೈಕೊಟ್ಟರೆ ಏನು ಗತಿ. ಹಿಡಿಕೆಯದಾದರೆ ಉಳಿದ ಇಂಧನವನ್ನು ಉಲ್ಟಾ ತಿರುಗಿಸಿ ವಾಪಸ್ಸು ಎಳೆದುಕೊಳ್ಳಬಹುದು. ನನ್ನನ್ನು ಕೇಳುತ್ತಿದ್ದರು, ನಾನು ಹಿಡಿಕೆಯದು ಎಂದೆ. ಅದು ಬಂದ ದಿನ ಇಬ್ಬರೂ ಬಚ್ಚಲಲ್ಲಿ ಕೂತು ನೀರು ತುಂಬಿ ತೆಗೆದು ಆಟವಾಡಿದೆವು. ಮರುದಿನ ಬಯಲಿನಲ್ಲಿ ಅವರೇ ಪಂಪು ತಿರುಗಿಸಿದರು, ಅವರೇ ನಳಿಗೆ ನೋಡಿದರು, ಅವರೇ ನಿಲ್ಲಿಸಿದರು. ನನ್ನ ಕೈಯಲ್ಲಿ ಒತ್ತಲು ಬಾಟಲಿ ಇರಲಿಲ್ಲ. ನನ್ನ ಕೆಲಸ ಕಳೆಯುವ ಸಾಮಾನನ್ನು ನಾನೇ ಆರಿಸಿ ಕೊಟ್ಟಿದ್ದೆ.

ಆಮೇಲೆ ಪ್ಲಗ್ಗು ಕಾಯಿಸುವ ಸಾಮಾನು. ಬೆರಳುದ್ದದ ಹೊಳೆಯುವ ಕೊಳವೆ, ಹೊಟ್ಟೆಯಲ್ಲಿ ಚಾರ್ಜು ಆಗುವ ಸೆಲ್ಲು. ಪ್ಲಗ್ಗಿನ ಮೇಲೆ ಇಟ್ಟು ಒಂದು ಸುತ್ತು ತಿರುಗಿಸಿದರೆ ತಾನೇ ಕಚ್ಚಿಕೊಳ್ಳುತ್ತದೆ, ಹಿಂದಿನಿಂದ ಒಂದೇ ಕೈಯಲ್ಲಿ ಕಳಚಬಹುದು. ಅಲ್ಲಿಗೆ ನನ್ನ ಚಿಮಟ ಹೋಯಿತು. ಆಮೇಲೆ ಬೆರಳಿನಿಂದ ಹೊಡೆಯುವುದು ಬೇಡ ಎಂದು ಸ್ಟಾರ್ಟರ್. ಅದನ್ನು ಕೊಳ್ಳಬೇಕೋ ಮಾಡಿಸಬೇಕೋ ಎಂಬ ಚರ್ಚೆ ಮಳೆಗಾಲವಿಡೀ ನಡೆಯಿತು. ಕೊನೆಗೆ ಆಟೋ ನಗರದಲ್ಲಿ ಹಳೆಯ ಕಾರಿನ ಫ್ಯಾನಿನ ಮೋಟಾರು ಹುಡುಕಿ, ತುದಿಗೆ ರಬ್ಬರಿನ ಬಟ್ಟಲು ಕೂಡಿಸಿ, ಮೋಟರ್‌ಸೈಕಲ್ಲಿನ ಬ್ಯಾಟರಿಗೆ ಜೋಡಿಸಿ ತಂದರು. ಪಂಖಾದ ಮೂಗಿಗೆ ಒತ್ತಿ ಗುಂಡಿ ಅಮುಕಿದರೆ ಎಂಜಿನ್ನು ಎದ್ದು ಕೂರುತ್ತಿತ್ತು. ಇವೆಲ್ಲವನ್ನು ಇಡಲು ಹಿಡಿಕೆಯಿರುವ ಕಟ್ಟಿಗೆಯ ಡಬ್ಬಿಯನ್ನು ಅವರೇ ಮಾಡಿದರು. ಪಂಪಿಗೊಂದು ಗೂಡು, ಬ್ಯಾಟರಿಗೊಂದು, ಒರೆಸುವ ಬಟ್ಟೆಗೊಂದು. ನಮ್ಮ ಅಡಿಗೆಮನೆಯ ಮಸಾಲೆ ಡಬ್ಬಿಗೆ ಅವರು ಅಷ್ಟು ಅಕ್ಕರೆ ತೋರಿಸಿದ್ದನ್ನು ನಾನು ನೋಡಿಲ್ಲ.

ಬಾಲ ಹಿಡಿಯುವುದೊಂದು ಉಳಿದಿತ್ತು. ಅದು ಯಾವ ಪುಸ್ತಕದಲ್ಲೂ ಸಿಗುವ ಸಾಮಾನಲ್ಲ ಎಂದು ಧೈರ್ಯವಾಗಿದ್ದೆ.

ಹಾಗಿರುವಾಗ ಒಂದು ಸಂಜೆ ಕಿಸೆಯಿಂದ ವರ್ನಿಯರ್ ತೆಗೆದು ಕೈ ಮುಂದೆ ಮಾಡು ಎಂದರು. ಮುಷ್ಟಿಯ ದಪ್ಪ ಅಳೆದರು, ಬೆರಳುಗಳನ್ನು ಬಾಗಿಸಿ ನೋಡಿದರು. ಯಾಕೆಂದು ಕೇಳಿದರೆ ನಕ್ಕರು. ದೀಪಾವಳಿ ಹತ್ತಿರವಿತ್ತು. ಆ ವರ್ಷವೇ ನಾದಿನಿ ಬಂಗಾರದ ಬಳೆ ಮಾಡಿಸಿಕೊಂಡಿದ್ದಳು. ಇನ್ನು ಬೇರೆ ಏನು ಯೋಚಿಸಲಿ? ಮರುದಿನವೇ ವಡಗಾವಿಗೆ ಹೋಗಿ ಅವ್ವನ ಮುಂದೆ ಹೇಳಿಬಿಟ್ಟೆ, ವರ್ನಿಯರಿನಿಂದ ಅಳತೆ ತೆಗೆದಿದ್ದಾರೆ, ಬಳೆ ಒಂದೆಳೆ ಸಡಿಲವೂ ಆಗಲಿಕ್ಕಿಲ್ಲ ಎಂದು. ಅವ್ವ ನೆರೆಯವರಿಗೂ ಹೇಳಿದಳು. ಹಬ್ಬದ ಮುಂಚಿನ ರವಿವಾರ ಅವರು ಹೊರಗೆ ತಂದದ್ದು ಒಂದು ದಪ್ಪ ಹಲಗೆ, ಅದರ ಮೇಲೆ ನೆಟ್ಟ ಎರಡು ಗೂಟ, ಗೂಟಗಳಿಗೆ ಸೈಕಲ್ ಟ್ಯೂಬಿನ ಮೆತ್ತೆ. ವಿಮಾನವನ್ನು ಆ ಎರಡರ ನಡುವೆ ಇಟ್ಟರೆ ಬಾಲದ ರೆಕ್ಕೆ ಗೂಟಗಳಿಗೆ ಆತು ನಿಲ್ಲುತ್ತದೆ, ಎಷ್ಟು ಜಗ್ಗಿದರೂ ಮುಂದೆ ಹೋಗುವುದಿಲ್ಲ. ಹಲಗೆ ಜರುಗದಂತೆ ಮೇಲೊಂದು ಜಂಬಿಟ್ಟಿಗೆಯ ಕಲ್ಲು. ಗೂಟ ಎಷ್ಟು ದಪ್ಪವಿರಬೇಕು ಎಂದು ನನ್ನ ಮುಷ್ಟಿ ನೋಡಿ ನಿಶ್ಚಯ ಮಾಡಿದ್ದರು.

"ಇನ್ನ ನೀ ಆರಾಮ ನೆರಳಿಗೆ ಕುಂದ್ರು," ಎಂದರು.

ಕುಂತೆ. ಅಂಚಿಗೆ ಒಂದು ನೇರಳೆ ಮರವಿತ್ತು. ಅಲ್ಲಿಂದ ನಮ್ಮವರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಒಂಟಿತನ ಎಂದರೆ ಮನೆಯಲ್ಲಿ ಇನ್ನೊಬ್ಬರು ಇಲ್ಲದಿರುವುದು ಎಂದು ಈಗ ಎಲ್ಲರೂ ನನಗೆ ಸಮಾಧಾನ ಹೇಳುತ್ತಾರೆ. ನನಗೆ ಅದರ ಪರಿಚಯ ಮೊದಲೇ ಆಗಿತ್ತು, ಆ ಮರದ ಕೆಳಗೆ, ಗಂಡ ಕಣ್ಣೆದುರಿಗೇ ಇರುವಾಗ. ಎಂಜಿನ್ನಿನ ಸದ್ದು ಬದಲಾದರೆ ಹದ ತಪ್ಪಿದೆ ಎಂದು ನನಗೆ ಅಲ್ಲಿಂದಲೇ ಗೊತ್ತಾಗುತ್ತಿತ್ತು. ಹೇಳಲು ಹೋಗುತ್ತಿರಲಿಲ್ಲ. ಗೂಟವಿದೆಯಲ್ಲ, ಅದನ್ನೇ ಕೇಳಲಿ ಎಂದು ಕೂತಿರುತ್ತಿದ್ದೆ.

ಆಗ ನನಗೆ ಜೊತೆ ಎಂದರೆ ಲಕ್ಕವ್ವ. ಹತ್ತಿರದ ಊರಿನ ಕುರಿ ಕಾಯುವ ಮನೆತನದವಳು, ನನಗಿಂತ ಹಿರಿಯಳು. ಮಗನಿಗೆ ಬೆಳಗಾವಿಯ ಕಾರ್ಖಾನೆಯಲ್ಲಿ ಪಗಾರದ ಕೆಲಸ ಸಿಕ್ಕಮೇಲೂ ಕುರಿ ಬಿಡದವಳು. ಅರ್ಧ ಮರಾಠಿ, ಅರ್ಧ ಕನ್ನಡ. ಮೊದಮೊದಲು ವಿಮಾನದ ಸದ್ದಿಗೆ ಕುರಿ ಚದುರಿದವೆಂದು ಜಗಳಕ್ಕೆ ಬಂದಿದ್ದಳು, ಆಮೇಲೆ ಎಲೆ ಅಡಿಕೆ ಹಂಚಿಕೊಳ್ಳುವಷ್ಟು ಸಲಿಗೆ ಆಯಿತು. ನಾನು ಮರದ ಕೆಳಗೆ ಬಂದ ದಿನ ಬಹಳ ಹೊತ್ತು ನನ್ನನ್ನೂ ಬಯಲನ್ನೂ ನೋಡಿದಳು.

"ಯಾಕ ಬಾಯೀ, ಇವತ್ತ ಜಗಳ ಏನ?" ಎಂದಳು.

ಜಗಳವಿಲ್ಲ, ಈಗ ಮಷೀನು ಬಂದಿದೆ, ನನ್ನ ಕೆಲಸವಿಲ್ಲ ಎಂದೆ. ಅವಳು ಬಾಯಲ್ಲಿನ ಎಲೆ ಉಗುಳಿ ಬಂದು, ಮಷೀನು ಬುತ್ತಿಯನ್ನೂ ಕಟ್ಟಿಕೊಂಡು ಬರುತ್ತದೇನು ಎಂದು ಕೇಳಿದಳು. ಇಬ್ಬರೂ ನಕ್ಕೆವು. ಆ ಬಯಲಿನಲ್ಲಿ ನಾನು ನಕ್ಕದ್ದು ಅದೇ ಕೊನೆ ಇರಬೇಕು.

ಡಬ್ಬಿ ಭಾರವಾಯಿತು. ಸ್ಕೂಟರಿನ ಕಾಲಿಡುವ ಜಾಗವನ್ನು ಅದು ತೆಗೆದುಕೊಂಡಿತು. ಗೋವಾದ ಕಡೆಯ ಲಾರಿಗಳು ಬರುವ ರಸ್ತೆಯಲ್ಲಿ ರೆಕ್ಕೆ ಹಿಡಿದು ಕೂರುವುದು ಅಪಾಯ ಎಂದು ಹಿಂದಿನ ಸೀಟಿಗೆ ಒಂದು ಚೌಕಟ್ಟು ಕಟ್ಟಿ ವಿಮಾನವನ್ನು ಅದರಲ್ಲಿ ಬಿಗಿದರು. ಹೀಗೆ ಡಬ್ಬಿಗೆ ಮುಂದಿನ ಜಾಗ, ವಿಮಾನಕ್ಕೆ ಹಿಂದಿನ ಸೀಟು, ನನಗೆ ಖಾನಾಪುರದ ಬಸ್ಸು. ಕೆಲವು ಸಲ ಬಸ್ಸಿನ ಕಿಟಕಿಯಿಂದ ನೋಡಿದರೆ ಮುಂದೆ ನಮ್ಮ ಸ್ಕೂಟರ್ ಹೋಗುತ್ತಿರುತ್ತಿತ್ತು, ನನ್ನ ಜಾಗದಲ್ಲಿ ವಿಮಾನ ಕೂತು ಬಾಲ ಅಲ್ಲಾಡಿಸುತ್ತಿತ್ತು. ಬಾಜೂಕ್ಕೆ ಕೂತವರು ನೋಡ್ರಿ ನೋಡ್ರಿ ಎಂದು ತೋರಿಸುತ್ತಿದ್ದರು. ನಾನು ಯಾರೋ ಹುಚ್ಚರಿರಬೇಕು ಎನ್ನುತ್ತಿದ್ದೆ. ಕ್ರಮೇಣ ಪರೀಕ್ಷೆಯ ಪೇಪರು ತಿದ್ದುವುದಿದೆ, ಮಂಡಿ ನೋವಿದೆ ಎಂದು ರವಿವಾರ ಮನೆಯಲ್ಲೇ ಉಳಿಯತೊಡಗಿದೆ. ಅವರು ಒತ್ತಾಯ ಮಾಡಲಿಲ್ಲ. ಹೋಗುವ ಮುನ್ನ ಬಾಗಿಲಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದರು, ಅಷ್ಟೆ. ಏನಾದರೂ ಮರೆತಿರಬೇಕು ಎಂದುಕೊಳ್ಳುತ್ತಿದ್ದೆ.

ಅವರು ಹೋದದ್ದೂ ಅಷ್ಟೇ ಸದ್ದಿಲ್ಲದೆ. ಕಾರ್ಖಾನೆಯಲ್ಲಿ ಎದೆ ಹಿಡಿದು ಕೂತವರು ಏಳಲಿಲ್ಲ. ವಿಮಾನ ಗೋಡೆಯ ಮೊಳೆಗೆ ತೂಗುಬಿದ್ದಿತ್ತು, ಡಬ್ಬಿಯೂ ಗೂಟದ ಹಲಗೆಯೂ ಮಂಚದ ಕೆಳಗಿದ್ದವು. ಮಳೆಗಾಲ ಒಂದು ಬಂದು ಹೋಯಿತು. ಗುಡಿಸುವಾಗ ಕಸಬರಿಗೆ ಡಬ್ಬಿಗೆ ತಾಗಿದರೆ ಒಳಗಿನ ಸಾಮಾನು ಸಣ್ಣಗೆ ಸದ್ದು ಮಾಡುತ್ತಿತ್ತು. ಕೆಳಗಿನ ಮನೆಗೆ ಬಾಣಂತಿ ಬಂದು ಆ ಎಣ್ಣೆಯ ವಾಸನೆ ದಿನಾ ಮೇಲೇರತೊಡಗಿದ ಮೇಲೆ ನನಗೆ ತಡೆಯಲಾಗಲಿಲ್ಲ. ಯಾರಿಗಾದರೂ ಕೊಟ್ಟುಬಿಡೋಣ ಎಂದು ಶ್ರೀಕಾಂತನಿಗೆ ಹೇಳಿ ಕಳಿಸಿದೆ.

ಶ್ರೀಕಾಂತ ನಮ್ಮವರ ವಿಭಾಗದಲ್ಲೇ ಇದ್ದವನು, ಎರಡು ಮಕ್ಕಳ ತಂದೆ, ಇವರನ್ನು ಅಣ್ಣ ಎಂದೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೂ ಕರೆಯುವವನು. ನಾನು ಬಯಲಿಗೆ ಹೋಗುವುದನ್ನು ಬಿಟ್ಟಮೇಲೆ ಅವನು ಇವರ ಜೊತೆ ಹೋಗಿ ಹಾರಿಸಲು ಕಲಿತಿದ್ದ. ಬಂದವನು ಡಬ್ಬಿ ತೆರೆದು, ಪಂಪು ತಿರುಗಿಸಿ ನೋಡಿ, ಮುಚ್ಚಿದ. ಚಹಾ ಕುಡಿದಮೇಲೆ ಒಂದು ಮಾತು ಹೇಳಿದ. ಹೀಗೇ ಹೊತ್ತುಕೊಂಡು ಹೋಗಲು ಮನಸ್ಸಿಲ್ಲ, ಈ ರವಿವಾರ ನೀವೂ ಬನ್ನಿ, ಅಣ್ಣನ ಜಾಗದಲ್ಲೇ ಒಮ್ಮೆ ಹಾರಿಸಿ ಆಮೇಲೆ ಒಯ್ಯುತ್ತೇನೆ ಎಂದ. ಮಂಡಿ ನೋವು ಎನ್ನಲು ಬಾಯಿ ತೆರೆದೆ. ಬರುತ್ತೇನೆ ಎಂಬ ಮಾತು ಹೊರಗೆ ಬಂತು.

ಅವನದು ಹಳೆಯ ವ್ಯಾನು, ಅದರಲ್ಲಿ ಎಲ್ಲಕ್ಕೂ ಜಾಗವಿತ್ತು, ನನಗೂ. ಬಯಲು ಹಾಗೇ ಇತ್ತು. ಲಕ್ಕವ್ವ ದೂರದಿಂದಲೇ ಗುರುತು ಹಿಡಿದು ಬಂದಳು. ನನ್ನ ಬರಿ ಹಣೆ ನೋಡಿ, ಮರದ ಕೆಳಗೆ ಕೂರಿಸಿ ನನ್ನ ಬೆನ್ನ ಮೇಲೆ ಒಮ್ಮೆ ಕೈ ಆಡಿಸಿದಳು. ಶ್ರೀಕಾಂತ ಇಂಧನ ತುಂಬಿದ, ಪ್ಲಗ್ಗಿಗೆ ಕೊಳವೆ ಕೂಡಿಸಿದ, ಬ್ಯಾಟರಿ ಜೋಡಿಸಿದ. ಗೂಟದ ಹಲಗೆಯನ್ನು ನೆಲಕ್ಕಿಟ್ಟು ಕಲ್ಲು ಹೇರಿದ. ವಿಮಾನ ಇಟ್ಟು ಒಮ್ಮೆ ಒತ್ತಿ ನೋಡಿದ್ದೇ ತಡ, ಒಂದು ಗೂಟ ಬುಡಕ್ಕೆ ಮುರಿದು ಬಿತ್ತು. ಒಳಗೆಲ್ಲ ಗೆದ್ದಲು ತಿಂದು ಹಿಟ್ಟು ಮಾಡಿತ್ತು. ಮಂಚದ ಕೆಳಗೆ ಮಳೆಗಾಲ ಕಳೆದದ್ದಕ್ಕೆ ಅದರ ಕಾಣಿಕೆ.

ಅವನು ಸುತ್ತಮುತ್ತ ಕಲ್ಲು ಹುಡುಕತೊಡಗಿದ. ನಾನು ಎದ್ದು ಹೋದೆ. ನಾನು ಹಿಡಿಯುತ್ತೇನೆ ಎಂದೆ.

"ಬ್ಯಾಡ್ರಿ ವೈನಿ," ಎಂದ. "ಅಣ್ಣಾರಿಗೆ ಮಾತು ಕೊಟ್ಟೀನಿ. ನಿಮ್ಮನ್ನ ಎಂಜಿನ್ ಹತ್ರ ಬಿಡಬ್ಯಾಡ ಅಂದಾರ."

"ಯಾಕ?"

ಅವನು ಮುರಿದ ಗೂಟವನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದ. ಹೊಸದಾಗಿ ಕಲಿಯಲು ಬಂದ ದಿನ ನಮ್ಮವರು ಅವನಿಗೆ ವಿಮಾನ ಮುಟ್ಟಗೊಡಲಿಲ್ಲವಂತೆ. ಮೊದಲು ಕೊರಳಲ್ಲಿದ್ದ ಟವೆಲು ತೆಗೆಸಿ, ತೋಳಿನ ಗುಂಡಿ ಹಾಕಿಸಿ, ನನ್ನ ಸೆರಗಿನ ಕಥೆ ಹೇಳಿದರಂತೆ. ಸೆರಗು ಬಿಡಿಸುವಾಗ ಅವರ ಕೈ ನಡುಗಿ ಗಂಟು ಹಿಡಿಯಲು ಆಗುತ್ತಿರಲಿಲ್ಲವಂತೆ. ಇನ್ನೊಂದು ಗೇಣು ಆಚೆ ಕೊರಳಿತ್ತು ಎಂದರಂತೆ. ಆಮೇಲೆ ಒಂದೊಂದೇ ಸಾಮಾನು ತರಿಸಿದ್ದು, ಮಾಡಿಸಿದ್ದು, ಎಲ್ಲಾ ನನ್ನನ್ನು ಆ ಪಂಖಾದಿಂದ ದೂರ ಕೂರಿಸಲಿಕ್ಕೆ.

"ಆದ್ರ ಇದೆಲ್ಲಾ ಮಾಡಿ ಭಾಳ ತಪ್ಪ ಮಾಡಿದೆ ಅಂತಿದ್ರು ನೋಡ್ರಿ ವೈನಿ. ಆಕಿ ಹಿಡ್ಕೊಂಡಾಗ ಆಕೀ ಮಾರಿ ನೋಡಿದ್ರ ಸಾಕಿತ್ತು, ಎಂಜಿನ್ ಹದ ಬಂದದೋ ಇಲ್ಲೋ ಗೊತ್ತಾಗ್ತಿತ್ತು. ಗೂಟಕ್ಕ ಮಾರಿ ಇರೂದಿಲ್ಲ ಅಂತಿದ್ರು."

ಅವರು ಬಯಲಿನ ನಡುವೆ ನಿಂತು ನನ್ನ ಮುಖ ನೆನೆಯುತ್ತಿದ್ದರು, ನಾನು ಮರದ ಕೆಳಗೆ ಕೂತು ಗೂಟದ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ. ನಡುವಿನ ಜಾಗ ಕೂಗಿದರೆ ಕೇಳುವಷ್ಟೇ ಇತ್ತು. ಮಾತೇ ಉದ್ಯೋಗವಾದ ನಾನೂ ಕೂಗಲಿಲ್ಲ. ಬಾಗಿಲಲ್ಲಿ ನಿಂತು ಅವರು ಏನು ಮರೆತಿದ್ದರು ಎಂಬುದು ನನಗೆ ಆಗ ತಿಳಿಯಿತು. ಬಹಳ ಅಳು ಬಂತು, ಅಳುವುದಕ್ಕೆ ಇದು ಹೊತ್ತಲ್ಲ ಎಂದೂ ಅನಿಸಿತು.

ಸೆರಗನ್ನು ಬೆನ್ನಿನಿಂದ ಸುತ್ತಿ ತಂದು ಸೊಂಟಕ್ಕೆ ಬಿಗಿಯಾಗಿ ಸಿಗಿಸಿದೆ. ಎರಡು ಸಲ ಎಳೆದು ನೋಡಿದೆ. ಜಡೆಯನ್ನು ಸುತ್ತಿ ಗಂಟು ಹಾಕಿದೆ. ಶ್ರೀಕಾಂತ ನೋಡುತ್ತ ನಿಂತಿದ್ದ.

"ಈಗ ನಡೀತದಲ್ಲ?" ಎಂದೆ.

ವಿಮಾನದ ಹಿಂದೆ ಕೂತು ಹಿಮ್ಮಡಿ ಊರಿ ಬಾಲವನ್ನು ಎರಡೂ ಕೈಯಿಂದ ಹಿಡಿದೆ. ಕೈಗೆ ಏನೂ ಮರೆತಿರಲಿಲ್ಲ. ಅವನು ಸ್ಟಾರ್ಟರ್ ಒತ್ತಿದ. ಎಂಜಿನ್ನು ಕೆಮ್ಮಿ, ನಿಂತು, ಮತ್ತೆ ಕೆಮ್ಮಿ ಹೊತ್ತಿಕೊಂಡಿತು. ಔಡಲೆಣ್ಣೆಯ ಹೊಗೆ ಮುಖಕ್ಕೆ ಬಡಿಯಿತು, ತುಂತುರು ಕೆನ್ನೆಗೆ ಹತ್ತಿತು. ಅವನು ಹಿಂದಿನಿಂದ ಬಗ್ಗಿ ತಿರುಪು ತಿರುಗಿಸತೊಡಗಿದ. ಸದ್ದು ತೆಳ್ಳಗಾಗುತ್ತ, ಏರುತ್ತ ಬಂತು. ವಿಮಾನ ಜಗ್ಗತೊಡಗಿತು. ಹಿಮ್ಮಡಿ ಮಣ್ಣಿನಲ್ಲಿ ಜರುಗಿತು, ನಾನು ಹಲ್ಲು ಕಚ್ಚಿದೆ.

ಶ್ರೀಕಾಂತ ತಲೆಯೆತ್ತಿ ನನ್ನ ಮುಖ ನೋಡಿದ.

"ಬರೋಬ್ಬರಿ ಅದ ಏನ್ರಿ ವೈನಿ?"

ಬರೋಬ್ಬರಿ ಇತ್ತು. ಅದಕ್ಕಿಂತ ಹದ ಬರುವುದು ಸಾಧ್ಯವಿರಲಿಲ್ಲ, ನನ್ನ ಎರಡೂ ಕೈಗೆ ಅದು ಗೊತ್ತಿತ್ತು. ಇನ್ನು ಅವನು ಎದ್ದು ನಿಂತು ಬಿಡಿ ಎನ್ನುತ್ತಾನೆ.

"ಇನ್ನೂ ಸ್ವಲ್ಪ ತಿರುವಪ್ಪಾ," ಎಂದೆ.